ಅವನು ಕೊಟ್ಟ ಐದು ಸ್ಟಾರ್

ಪುಣೆಯ ಧನಕವಡಿಯಲ್ಲಿದ್ದ ನಮ್ಮ ಕಾಲೇಜು ಆ ವರ್ಷ ಇಂಗ್ಲಿಷ್ ಮಾತಾಡಲು ಒಂದು ಆ್ಯಪನ್ನು ಕಡ್ಡಾಯ ಮಾಡಿತು. ವಾರಕ್ಕೆ ಮೂರು ಸಲ, ತರಗತಿಯ ಹೊರಗೆ, ಯಾರೋ ಅಪರಿಚಿತರೊಡನೆ ಹತ್ತು ನಿಮಿಷ ಮಾತು. ಮುಗಿದ ಮೇಲೆ ಆ ಅಪರಿಚಿತರು ನಮಗೆ ಸ್ಟಾರ್ ಕೊಡಬೇಕು. ಆ ಸ್ಟಾರ್‌ಗಳೇ ನಮ್ಮ ಇಂಟರ್ನಲ್ ಅಂಕ. ಇದನ್ನು ಕೂತು ಯೋಚಿಸಿದವರು ಯಾರು ಎಂದು ನಾನು ಇವತ್ತಿಗೂ ಕೇಳಿಕೊಳ್ಳುತ್ತೇನೆ.

ನನ್ನ ಗೆಳತಿ ಯಾದಗಿರಿ ಕಡೆಯವಳು. ಅವಳ ಅಪ್ಪ, ಅವ್ವ ಪುಣೆಯದೇ ಕೊಂಢವಾದಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ಅವಳು ಇಂಗ್ಲಿಷಿನಲ್ಲಿ ಒಮ್ಮೆ ಫೇಲಾಗಿದ್ದಳು; ಇನ್ನೊಮ್ಮೆ ಆದರೆ ಕಾಲೇಜು ಬಿಡಿಸುತ್ತೇವೆ ಎಂದು ಮನೆಯಲ್ಲಿ ಹೇಳಿದ್ದರು. ನಾನು ಧಾರವಾಡದಿಂದ ಬಂದು ಇಲ್ಲೇ ನೆಲೆಸಿದ ಮನೆಯವಳು, ಕಾನ್ವೆಂಟಿನಲ್ಲಿ ಓದಿದವಳು. ಕ್ಯಾಂಟೀನಿನ ಹಿಂದಿನ ಮೆಟ್ಟಿಲ ಮೇಲೆ ಕೂರುತ್ತಿದ್ದೆವು. ಇಯರ್‌ಫೋನಿನ ಒಂದು ತುದಿ ಅವಳ ಕಿವಿಯಲ್ಲಿ, ಇನ್ನೊಂದು ನನ್ನ ಕಿವಿಯಲ್ಲಿ. ಅವಳು ತಡವರಿಸಿದರೆ ನಾನು ಪಿಸುಗುಟ್ಟಬೇಕು.

"ನೀ ಬಾಜೂಕ ಇದ್ರ ನಾ ಲಂಡನ್ ರಾಣಿ ನೋಡು," ಎನ್ನುತ್ತಿದ್ದಳು.

ಆ ಮಧ್ಯಾಹ್ನ ಬಂದದ್ದು ನಡುವಯಸ್ಸಿನ ಗಂಡಸಿನ ಮೆತ್ತಗಿನ ದನಿ. ಊರು ಕೇಳಿದ. ಊಟ ಆಯಿತೇ ಎಂದ. ಆಮೇಲೆ, ಅದೇ ದನಿಯಲ್ಲಿ, ಬಟ್ಟೆಯ ಒಳಗೆ ಏನು ತೊಟ್ಟಿದ್ದೀ ಎಂದು ಕೇಳಿದ.

ಅವಳಿಗೆ ಅರ್ಥವಾಗಲಿಲ್ಲ. "ಸಾರಿ ಸರ್, ಕುಡ್ ಯು ಪ್ಲೀಸ್ ರಿಪೀಟ್?" ಎಂದಳು. ನಾನೇ ಕಲಿಸಿದ್ದ ವಾಕ್ಯ, ಒಂದು ತಪ್ಪಿಲ್ಲ. ಅವನು ನಿಧಾನವಾಗಿ, ಬಿಡಿಸಿ ಬಿಡಿಸಿ ಮತ್ತೆ ಹೇಳಿದ. ಹೇಳಿಕೊಡು ಎಂಬಂತೆ ಅವಳು ನನ್ನತ್ತ ಹುಬ್ಬು ಹಾರಿಸಿದಳು. ನಾನು ಇಯರ್‌ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ. ಅವಳು ಇನ್ನೊಮ್ಮೆ ಕೇಳಿದಳು, ಪ್ಲೀಸ್ ಬಿಡದೆ. ಮೂರನೆಯ ಸಲ ಹೇಳುವಾಗ ಅವನು ನಕ್ಕ. ಆಗ ಫೋನ್ ಕಸಿದು ಕಟ್ ಮಾಡಿದೆ.

"ಯಾಕ ಕಟ್ ಮಾಡಿದಿ? ಸ್ಟಾರ್ ಹೋದ್ವಲ್ಲ!"

ಅವನು ಕೇಳಿದ್ದನ್ನು ಕನ್ನಡದಲ್ಲಿ ಹೇಳಿದೆ. ಅವಳು ಕಿವಿಯಿಂದ ಇಯರ್‌ಫೋನ್ ತೆಗೆದು ದುಪಟ್ಟಾದ ಅಂಚಿನಿಂದ ಒರೆಸಿದಳು. ಮತ್ತೆ ಒರೆಸಿದಳು. ಅಷ್ಟರಲ್ಲಿ ಪರದೆಯ ಮೇಲೆ ಅವನ ಐದು ಸ್ಟಾರ್ ಬಂದವು.

ಮರುದಿನ ಇಬ್ಬರೂ ಇಂಗ್ಲಿಷ್ ಮೇಡಂ ಹತ್ತಿರ ಹೋದೆವು. ಬ್ಲಾಕ್ ಮಾಡಿ ಬಿಟ್ಟುಬಿಡಿ ಎಂದು ಅವರು ಮರಾಠಿಯಲ್ಲಿ ಅಂದರು, ಲ್ಯಾಪ್‌ಟಾಪಿನಿಂದ ತಲೆ ಎತ್ತದೆ. ಬೇಡವಾದರೆ ಆ ಸ್ಟಾರ್ ತೆಗೆಯುತ್ತೇನೆ, ಅಂಕ ಇಳಿಯುತ್ತದೆ, ಅಷ್ಟೇ. ತೆಗೆಯಿರಿ ಎನ್ನಲು ನಾನು ಬಾಯಿ ತೆರೆದೆ. ಗೆಳತಿ ನನ್ನ ಮಣಿಕಟ್ಟು ಹಿಡಿದಳು.

"ಸುಮ್ನಿರು. ನಿಂದೇನ್ ಹೋಗ್ತದ? ನಾ ಪಾಸಾಗಬೇಕು."

ಅವಳ ಮೇಲೆ ನನಗೆ ಸಿಟ್ಟಿರಲಿಲ್ಲ. ಇನ್ನುಳಿದ ಎಲ್ಲರ ಮೇಲೂ ಇತ್ತು, ಇದೆ.

ಕಷ್ಟದಲ್ಲಿ ಪಾಸಾದಳು. ಅದಕ್ಕೆ ಮೊದಲು ಇನ್ನೂ ಹನ್ನೊಂದು ಕರೆ ಬಾಕಿ ಇದ್ದವು. ಹನ್ನೊಂದಕ್ಕೂ ಪಕ್ಕದಲ್ಲಿ ಕೂತೆ, ಹೆಬ್ಬೆರಳನ್ನು ಕೆಂಪು ಗುಂಡಿಯ ಮೇಲೆ ಹಿಡಿದು. ಮತ್ತೊಮ್ಮೆ ಹೇಳಿ ಎಂದು ಅವಳು ಯಾರನ್ನೂ ಕೇಳಲಿಲ್ಲ. ಒಂದು ಮಾತು ಅರ್ಥವಾಗದಿದ್ದರೂ ಸಾಕು, ನನ್ನ ಹೆಬ್ಬೆರಳನ್ನು ತಾನೇ ಒತ್ತಿಬಿಡುತ್ತಿದ್ದಳು.