ಸ್ಲೈಡಕ್ಕನ ಇನ್ನೂರು ಎಳೆಗಳು

ಆಸ್ಪತ್ರೆಯ ಮೂರನೇ ಮಹಡಿಯ ಕೊನೆಯ ಕೋಣೆಯಲ್ಲಿ ಮೂವತ್ತೊಂದು ವರ್ಷದಿಂದ ಮಾಂಸಖಂಡದ ಎಳೆಗಳನ್ನು ಅಳೆಯುತ್ತ ಕೂತ ಹೆಂಗಸನ್ನು ಎಲ್ಲರೂ ಸ್ಲೈಡಕ್ಕ ಅಂತಲೇ ಕರೆಯುವುದು. ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಕೋಣೆಯಲ್ಲಿ ಒಂದು ಮೈಕ್ರೊಸ್ಕೋಪು, ಒಂದು ಸಿಂಕು, ಮೈ ಕೊರೆಯುವ ತಣ್ಣನೆಯ ಕೊಯ್ಯುವ ಯಂತ್ರ, ಜೊತೆಗೆ ಒಂದು ಕೈ ಮುರಿದ ಕುರ್ಚಿ. ಕುರ್ಚಿ ಬದಲಿಸಿ ಎಂದು ಆಕೆ ಏಳು ಸಲ ಅರ್ಜಿ ಕೊಟ್ಟಳು. ಏಳು ಸಲವೂ ಅರ್ಜಿ ಎಲ್ಲೋ ಹೋಯಿತು, ಕುರ್ಚಿ ಮಾತ್ರ ಅಲ್ಲೇ ಉಳಿಯಿತು.

ಯಾರಿಗಾದರೂ ಕೈಕಾಲಿನ ಶಕ್ತಿ ಕುಂದಿದರೆ ಸರ್ಜನ್ನರು ತೊಡೆಯಿಂದ ಕಡಲೆಕಾಳಿನಷ್ಟು ಮಾಂಸ ತೆಗೆದು ಮೇಲಕ್ಕೆ ಕಳಿಸುತ್ತಾರೆ. ಸ್ಲೈಡಕ್ಕ ಅದನ್ನು ಕಾರ್ಕಿನ ಪುಟ್ಟ ಬಿಲ್ಲೆಯ ಮೇಲೆ ನೆಟ್ಟಗೆ ನಿಲ್ಲಿಸಿ, ಹೆಪ್ಪುಗಟ್ಟಿಸಿ, ಅಡ್ಡಡ್ಡಕ್ಕೆ ತೆಳ್ಳಗೆ ಕೊಯ್ದು, ಸ್ಲೈಡು ಎಂಬ ಗಾಜಿನ ಪಟ್ಟಿಯ ಮೇಲಿಟ್ಟು ಬಣ್ಣ ಹಾಕುತ್ತಾಳೆ. ಆಗ ಸೌದೆಯ ಹೊರೆಯನ್ನು ತುದಿಯಿಂದ ನೋಡಿದ ಹಾಗೆ ಎಳೆಗಳು ಒತ್ತೊತ್ತಾಗಿ ಕಾಣುತ್ತವೆ. ಚೆನ್ನಾಗಿರುವ ಎಳೆಗೆ ಐದಾರು ಮೂಲೆ, ಮೈ ತುಂಬಿಕೊಂಡಿರುತ್ತದೆ. ಸೊರಗಿದ ಎಳೆಯ ಮೂಲೆಗಳು ಚೂಪಾಗಿ, ನಡು ಹಿಂಡಿಹೋಗಿರುತ್ತದೆ. ಒಂದೊಂದು ಎಳೆಯಲ್ಲೂ ಎಲ್ಲಕ್ಕಿಂತ ಕಿರಿದಾದ ಅಗಲ ಎಲ್ಲಿದೆ ಎಂದು ಹುಡುಕಿ, ಅಷ್ಟನ್ನು ಮಾತ್ರ ಅಳೆದು ಬರೆದುಕೊಳ್ಳುವುದು ಆಕೆಯ ಕೆಲಸ. ಒಬ್ಬರಿಗೆ ಇನ್ನೂರು ಎಳೆ. ನೂರ ತೊಂಬತ್ತೊಂಬತ್ತಕ್ಕೆ ಕೈ ಬಿಟ್ಟು ಎದ್ದವಳಲ್ಲ.

ಕಿರಿದಾದ ಅಗಲವೇ ಏಕೆ ಎಂದು ಕೇಳಿದವರಿಗೆಲ್ಲ ಆಕೆ ತನ್ನ ಗಂಡನ ಕಥೆ ಹೇಳುತ್ತಿದ್ದಳು. ನಿವೃತ್ತನಾದ ಆ ಮನುಷ್ಯ ಬೆಳಿಗ್ಗೆ ಊಟದ ಡಬ್ಬಿಗೆ ಸೌತೆಕಾಯಿ ಹೆಚ್ಚಿ ಹಾಕುತ್ತಾನೆ, ಅದೂ ಯಾವಾಗಲೂ ಓರೆಯಾಗಿ. ಹಾಗೆ ಹೆಚ್ಚಿದರೆ ಹೋಳು ಉದ್ದುದ್ದ ಬಂದು ಡಬ್ಬಿ ತುಂಬಿದ ಹಾಗೆ ಕಾಣುತ್ತದಂತೆ. ಕಾಣುವುದೇನೋ ಕಾಣುತ್ತದೆ, ಸೌತೆಕಾಯಿ ಮಾತ್ರ ಇದ್ದಷ್ಟೇ ದಪ್ಪ ಇರುತ್ತದೆ. ನನ್ನ ಗಂಡ ನನಗೆ ಟೋಪಿ ಹಾಕುವುದೂ ಓರೆ ಕೊಯ್ದ ಎಳೆ ಕಣ್ಣಿಗೆ ಟೋಪಿ ಹಾಕುವುದೂ ಒಂದೇ ಎಂದು ನಗುತ್ತಿದ್ದಳು.

ಆಮೇಲೆ ಮುಖ್ಯ ಡಾಕ್ಟರು ಕಂಪ್ಯೂಟರ್ ತರಿಸಿದರು. ಒಂದು ಫೋಟೋ ಕೊಟ್ಟರೆ ಅದು ಎರಡು ಸಾವಿರ ಎಳೆಗಳ ವಿಸ್ತೀರ್ಣವನ್ನು ನಿಮಿಷದಲ್ಲಿ ಲೆಕ್ಕ ಹಾಕಿ ಸರಾಸರಿ ಹೇಳುತ್ತಿತ್ತು. ಸ್ಲೈಡಕ್ಕನಿಗೆ ಯಂತ್ರದ ಮೇಲೆ ಹಗೆಯೇನೂ ಇರಲಿಲ್ಲ. ವಿಸ್ತೀರ್ಣದ ಜೊತೆಗೆ ಕಿರಿದಾದ ಅಗಲವನ್ನೂ ಅಳೆಯಲು ಅದಕ್ಕೆ ಹೇಳಿ ಎಂದಷ್ಟೇ ಕೇಳಿದಳು. ಅದರ ಅಗತ್ಯವಿಲ್ಲ, ನೀವು ಕೊಯ್ದು ಕೊಡಿ ಸಾಕು ಎಂದರು ಡಾಕ್ಟರು. ಮೂವತ್ತೊಂದು ವರ್ಷದ ಕಣ್ಣನ್ನು ಒಂದೇ ಮಾತಿನಲ್ಲಿ ಮೂಲೆಗೆ ತಳ್ಳಿದರು. ಆಕೆ ಹಲ್ಲು ಕಚ್ಚಿಕೊಂಡು ಕೊಯ್ಯುತ್ತ ಹೋದಳು.

ಹೀಗಿರುವಾಗ ಒಂದು ಮಧ್ಯಾಹ್ನ ಮೆಟ್ಟಿಲಿನಲ್ಲಿ ಬಟ್ಟೆ ಒಗೆಯುವ ವಿಭಾಗದ ಹೆಂಗಸು ಸಿಕ್ಕಳು. ನೆಲಮಾಳಿಗೆಯಲ್ಲಿ ಒದ್ದೆ ಹಾಸಿಗೆಬಟ್ಟೆಯ ಮೂಟೆ ಎತ್ತುವುದು ಅವಳ ಕೆಲಸ. ಎರಡೂ ಕೈಯಲ್ಲಿ ಕಂಬಿ ಹಿಡಿದು, ಒಂದು ಮೆಟ್ಟಿಲು ಹತ್ತಿ, ನಿಂತು, ಉಸಿರು ಬಿಟ್ಟು ಇನ್ನೊಂದು ಹತ್ತುತ್ತಿದ್ದಳು. ವರ್ಷದಿಂದ ಕೈಕಾಲು ಸೋಲುತ್ತಿದೆ ಎಂದು ಬಡಕೊಂಡರೂ ಅವಳ ಮೇಲ್ವಿಚಾರಕ ಇದೆಲ್ಲ ನಾಟಕ ಎಂದು ಊರೆಲ್ಲ ಸಾರಿದ್ದ. ಕೊನೆಗೆ ತೊಡೆಯ ತುಣುಕು ಪರೀಕ್ಷೆಗೆ ಹೋಗಿತ್ತು.

"ರಿಪೋರ್ಟ್ ನಾರ್ಮಲ್ ಬಂತಂತೆ ಅಕ್ಕ," ಎಂದಳು. "ಸೋಮವಾರದಿಂದ ಮೂಟೆ ಎತ್ತಬೇಕಂತೆ. ಆಗಲ್ಲ ಅಂದ್ರೆ ಮನೆಗೆ ಹೋಗು ಅಂದಿದಾರೆ."

ಸ್ಲೈಡಕ್ಕನ ಪಿತ್ತ ನೆತ್ತಿಗೇರಿತು. ಮೆಟ್ಟಿಲು ಹತ್ತಲಾಗದವಳನ್ನು ಕಣ್ಣೆತ್ತಿಯೂ ನೋಡದೆ ನಾರ್ಮಲ್ ಎಂದು ಬರೆಯುವ ಕೈ ಎಂಥದ್ದಿರಬೇಕು! ನೇರ ಕೋಣೆಗೆ ಹೋಗಿ ಆ ಸ್ಲೈಡನ್ನು ಹುಡುಕಿ ಮೈಕ್ರೊಸ್ಕೋಪಿನ ಕೆಳಗಿಟ್ಟಳು. ಎಳೆಗಳೆಲ್ಲ ಉದ್ದುದ್ದ, ಎಲ್ಲವೂ ಒಂದೇ ಕಡೆಗೆ ವಾಲಿದ್ದವು. ರೋಗ ಎಲ್ಲ ಎಳೆಗಳನ್ನೂ ಹೀಗೆ ಒಂದೇ ದಿಕ್ಕಿಗೆ ಎಳೆಯುವುದಿಲ್ಲ. ಇದು ಓರೆ ಕೊಯ್ದದ್ದು. ಸೊರಗಿದ ಎಳೆಗಳು ಉದ್ದವಾಗಿ ಹರಡಿಕೊಂಡು ವಿಸ್ತೀರ್ಣ ಹೆಚ್ಚಿಸಿಕೊಂಡಿವೆ, ಕಂಪ್ಯೂಟರ್ ಅದನ್ನು ಕಣ್ಣು ಮುಚ್ಚಿ ನಂಬಿದೆ.

ಕೊಯ್ದವರು ಯಾರು? ಆಕೆಯೇ. ಈ ತುಣುಕು ಬಂದ ಗುರುವಾರ ನಾಲ್ಕು ತುಣುಕು ಒಟ್ಟಿಗೆ ಬಂದಿದ್ದವು. ಕೆಳಗಿನಿಂದ ಫೋನಿನ ಮೇಲೆ ಫೋನು. ಹೇಗೂ ಅಳೆಯುವುದು ನಾನಲ್ಲವಲ್ಲ ಎಂಬ ಸಿಟ್ಟಿನಲ್ಲಿ, ಕಾರ್ಕಿನ ಮೇಲೆ ತುಣುಕು ನೆಟ್ಟಗೆ ನಿಂತಿದೆಯೋ ಇಲ್ಲವೋ ಎಂದು ಎರಡನೇ ಸಲ ನೋಡದೆ ಹೆಪ್ಪುಗಟ್ಟಿಸಿದ್ದಳು. ಯಾರ ಮೇಲೆ ಹರಿಹಾಯಲಿ ಎಂದು ಹೊರಟವಳಿಗೆ ಮೊದಲು ಎದುರಾದದ್ದು ತನ್ನದೇ ಕೈ. ಅದಕ್ಕೇ ಆಕೆಗೆ ಇನ್ನೂ ಹೆಚ್ಚು ಉರಿಯಿತು.

ಊಟ ಬಿಟ್ಟು ಕೂತು ಇನ್ನೂರು ಎಳೆ ಅಳೆದಳು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಆ ವಯಸ್ಸಿನ ಹೆಂಗಸಿನ ಎಳೆ ನಲವತ್ತೈದು ಮೈಕ್ರಾನಿನ ಆಸುಪಾಸಿನಲ್ಲಿ ಇರಬೇಕು. ಇಲ್ಲಿ ಮೂವತ್ತು ದಾಟಿದವೇ ಬೆರಳೆಣಿಕೆಯಷ್ಟು.

ಅಳತೆ ಬರೆದ ಹಾಳೆಯನ್ನೂ ಮುಟ್ಟದ ಊಟದ ಡಬ್ಬಿಯನ್ನೂ ಹಿಡಿದುಕೊಂಡೇ ಮುಖ್ಯ ಡಾಕ್ಟರ ಕೋಣೆಗೆ ಹೋದಳು. ಅವರು ಓದಿ ಹಾಳೆಯನ್ನು ಬದಿಗಿಟ್ಟರು. ರಿಪೋರ್ಟ್ ಹೊರಟುಹೋಗಿದೆ ಎಂದರು. ಓರೆ ಕೊಯ್ದಿದ್ದರೆ ಆ ತುಣುಕೇ ದಂಡ, ಬೇಕಾದರೆ ಆ ಹೆಂಗಸು ಇನ್ನೊಮ್ಮೆ ತೊಡೆ ಕೊಯ್ಸಿಕೊಳ್ಳಲಿ, ಎರಡು ತಿಂಗಳಾಗುತ್ತದೆ ಎಂದರು. ಆ ಎರಡು ತಿಂಗಳು ಮೂಟೆ ಯಾರು ಎತ್ತುತ್ತಾರೆ ಎಂದು ಸ್ಲೈಡಕ್ಕ ಕೇಳಿದಳು. ಅದು ನಮ್ಮ ವಿಭಾಗದ ವಿಷಯವಲ್ಲವಂತೆ.

"ತುಣುಕು ಕೆಟ್ಟಿದೆ ಅಂದಮೇಲೆ ನಿಮ್ಮ ಅಳತೆ ಮಾತ್ರ ಹೇಗ್ರೀ ಸರಿ?" ಎಂದರು ಡಾಕ್ಟರು.

ಸ್ಲೈಡಕ್ಕ ಡಬ್ಬಿಯ ಮುಚ್ಚಳ ತೆಗೆದು, ಗಂಡ ಹೆಚ್ಚಿದ ಸೌತೆಕಾಯಿಯ ಒಂದು ಹೋಳನ್ನು ಮೇಜಿನ ಮೇಲಿದ್ದ ರಿಪೋರ್ಟಿನ ನಕಲಿನ ಮೇಲೆಯೇ ಇಟ್ಟಳು.

"ಉದ್ದ ನೋಡಿದ್ರೆ ಇದು ಮುಷ್ಟಿಗಾತ್ರದ ಸೌತೆಕಾಯಿ ಸರ್. ಅಡ್ಡಕ್ಕೆ ನೋಡಿ, ಎರಡೇ ಬೆರಳು. ಎಷ್ಟು ಓರೆ ಕೊಯ್ದ್ರೂ ಎರಡೇ ಬೆರಳು. ನಿಮ್ಮ ಯಂತ್ರ ಉದ್ದಾನೂ ಸೇರಿಸಿ ಲೆಕ್ಕ ಹಾಕಿದೆ, ನಾನು ಅಡ್ಡಗಲ ಅಳೆದಿದೀನಿ."

ಡಾಕ್ಟರಿಗೆ ಅರ್ಥವಾಗಲಿಲ್ಲ ಎಂದಲ್ಲ. ಸೌತೆಕಾಯಿಯ ನೀರು ಹರಡುತ್ತಿದ್ದ ರಿಪೋರ್ಟನ್ನು ಬದಿಗೆ ಸರಿಸಿದರು. ಆಮೇಲೆ, ಹಾಗಾದರೆ ಓರೆ ಇಟ್ಟದ್ದು ಯಾರು ಎಂದು ಬರೆದುಕೊಡುತ್ತೀರಾ ಎಂದು ಕೇಳಿದರು. ಆಕೆಯ ನಿವೃತ್ತಿಗೆ ನಾಲ್ಕು ತಿಂಗಳಿತ್ತು. ಇಷ್ಟು ವರ್ಷ ಒಂದು ಚುಕ್ಕೆಯೂ ಬೀಳದ ಕಡತ. ಹೆದರಿ ಸುಮ್ಮನಾಗುತ್ತಾಳೆ ಎಂದು ಆ ದೊಡ್ಡ ಮನುಷ್ಯ ಎಣಿಸಿದ್ದರು. ಆಕೆ ಅವರ ಮೇಜಿನ ಮೇಲಿದ್ದ ಪೆನ್ನನ್ನೇ ತೆಗೆದುಕೊಂಡಳು. ತುಣುಕನ್ನು ಓರೆಯಾಗಿ ಇಟ್ಟವಳು ನಾನು, ವಿಸ್ತೀರ್ಣ ತಪ್ಪು, ಅಡ್ಡಗಲ ಸರಿ ಎಂದು ಮೂರು ಸಾಲು ಬರೆದು ಸಹಿ ಹಾಕಿದಳು. ಇದರ ನಕಲು ನೆಲಮಾಳಿಗೆಗೂ ಹೋಗಬೇಕು ಎಂದು ಸೇರಿಸಿದಳು.

ಶನಿವಾರ ತಿದ್ದಿದ ರಿಪೋರ್ಟ್ ಹೊರಟಿತು. ಬಟ್ಟೆ ಒಗೆಯುವ ಹೆಂಗಸಿಗೆ ಕೂತು ಬಟ್ಟೆ ಮಡಿಸುವ ಕೆಲಸ ಸಿಕ್ಕಿತು, ಔಷಧಿಯೂ ಶುರುವಾಯಿತು. ಸ್ಲೈಡಕ್ಕನಿಗೆ ಅಜಾಗರೂಕತೆಯ ನೋಟೀಸು ಬಂತು. ನಾಟಕ ಎಂದ ಮೇಲ್ವಿಚಾರಕನಿಗೆ ಯಾರೂ ಏನೂ ಕೊಡಲಿಲ್ಲ. ನಾರ್ಮಲ್ ಎಂದು ಸಹಿ ಹಾಕಿದವರಿಗೂ ಇಲ್ಲ. ಒಂದು ಕ್ಷಮೆಯ ಮಾತು ಯಾರ ಬಾಯಿಂದಲೂ ಉದುರಲಿಲ್ಲ.

ವಾರದ ನಂತರ ಬಟ್ಟೆ ಒಗೆಯುವ ಹೆಂಗಸು ಈ ಸಲ ಲಿಫ್ಟಿನಲ್ಲಿ ಮೇಲೆ ಬಂದಳು. ಬಾಗಿಲಲ್ಲೇ ನಿಂತು, ಹಾಗಾದರೆ ನಾನು ಸೋಮಾರಿ ಅಲ್ಲ ಅಲ್ಲವೇ ಎಂದು ಕೇಳಿದಳು. ಎಲ್ಲರೂ ಅದನ್ನೇ ಹೇಳಿ ಹೇಳಿ ಅವಳಿಗೂ ತನ್ನ ಮೇಲೆ ಅನುಮಾನ ಬಂದುಬಿಟ್ಟಿತ್ತಂತೆ. ಸ್ಲೈಡಕ್ಕ ಅವಳನ್ನು ಕೈ ಮುರಿದ ಕುರ್ಚಿಯಲ್ಲಿ ಕೂರಿಸಿ, ಮೊದಲು ಚೆನ್ನಾಗಿರುವ ಎಳೆಗಳನ್ನು, ಆಮೇಲೆ ಅವಳವನ್ನು ತೋರಿಸಿದಳು. ಯಾವ ಕಡೆಯಿಂದ ಅಗಲ ನೋಡಬೇಕೆಂದೂ ಹೇಳಿಕೊಟ್ಟಳು. ಅವಳು ಒಂದೊಂದೇ ಎಳೆಯ ಅಗಲ ನೋಡುತ್ತ ಹೋದಳು.

"ಇಷ್ಟು ಸಣ್ಣ ಆಗಿದ್ವಾ ಅಕ್ಕ," ಎಂದಳು ಕೊನೆಗೆ. "ಇದ್ರಲ್ಲೇ ನಾನು ಒಂದು ವರ್ಷ ಮೂಟೆ ಎತ್ತಿದ್ನಾ?"