ಅಣ್ಣನ ಹಿತ್ತಲಿನ ಅರ್ಥಿಂಗ್ ಗುಂಡಿ

ಇಳಕಲ್ಲಿನಲ್ಲಿ ಅಪ್ಪ ನಡೆಸುತ್ತಿದ್ದ ಕೇಬಲ್ ಟಿವಿ ದಂಧೆಯನ್ನು ಅಣ್ಣನೂ ನಾನೂ ಪಾಲು ಮಾಡಿಕೊಂಡೆವು. ಅವನಿಗೆ ಎರೆಮಣ್ಣಿನ ಕಡೆಯ ಓಣಿಗಳು ಬಂದವು, ನನಗೆ ಕಲ್ಲುಕ್ವಾರಿ ಕಡೆಯವು. ಅವ್ವನೂ ಅವನ ಮನೆಯಲ್ಲೇ ಉಳಿದಳು. ಒಟ್ಟಿನಲ್ಲಿ ನನ್ನ ಪಾಲಿಗೆ ಬಂದದ್ದು ಬರೀ ಬಂಡೆ.

ಮುಂಗಾರಿನ ಗುಡುಗು ಶುರುವಾದರೆ ಓಣಿಯವರೆಲ್ಲ ಟಿವಿಯ ವೈರು ಕಿತ್ತಿಟ್ಟು ನಿಶ್ಚಿಂತರಾಗುತ್ತಾರೆ. ಆದರೆ ಅಷ್ಟೂ ತಂತಿಗಳು ಬಂದು ಸೇರುವುದು ನನ್ನ ಮನೆಯ ಯಂತ್ರಕ್ಕೆ. ಸಿಡಿಲು ದೂರ ಬಿದ್ದರೂ ಅದರ ಹೊಡೆತ ತಂತಿ ಹಿಡಿದು ಬಂದು ಯಂತ್ರವನ್ನು ಸುಡುತ್ತದೆ. ಅದನ್ನು ತಡೆಯಲು ಅರೆಸ್ಟರ್ ಎಂಬ ಸಣ್ಣ ಡಬ್ಬಿ ಕೂಡಿಸಿ, ಹೊಡೆತ ನೆಲಕ್ಕೆ ಇಳಿದುಹೋಗಲೆಂದು ಅದರಿಂದ ಒಂದು ತಂತಿಯನ್ನು ಇದ್ದಿಲು, ಉಪ್ಪು ತುಂಬಿದ ಅರ್ಥಿಂಗ್ ಗುಂಡಿಗೆ ಇಳಿಸುತ್ತೇವೆ. ಬಾಗಲಕೋಟೆಯ ಒಂದೇ ಅಂಗಡಿಯಿಂದ ಇಬ್ಬರೂ ಒಂದೇ ಮಾಲು ತಂದಿದ್ದೆವು. ಆದರೂ ಪ್ರತಿ ಸಲ ಸುಡುತ್ತಿದ್ದದ್ದು ನನ್ನದೇ.

ಈ ವರ್ಷವೂ ಹಾಗೇ ಆಯಿತು. ಬೆಳಗಾಗುವುದರೊಳಗೆ ಫೋನು ಒಂದೇ ಸಮ ಬಡಕೊಳ್ಳತೊಡಗಿತು.

"ನಿಮ್ಮ ಅಣ್ಣಾರ ಲೈನ್ ಚಲೋ ನಡದೈತ್ರಿ. ನಾವೂ ಅವ್ರ ಕಡೇನ ಹೋಗ್ತೇವ್ರಿ" ಅಂದಳು ಒಬ್ಬ ಗಿರಾಕಿ ಹೆಣ್ಣುಮಗಳು.

ಹೋದ ವರ್ಷ ಒಂದು ಓಣಿ ಇಡಿಯಾಗಿ ಹೀಗೇ ಕೈಬಿಟ್ಟಿತ್ತು. ಇನ್ನೊಂದು ಹೋದರೆ ನಾನು ಬಾಗಿಲು ಹಾಕಬೇಕಾಗಿತ್ತು. ಅಣ್ಣನ ಗಿರಾಕಿಗಳು, ಅಣ್ಣನ ನಿದ್ದೆ ಹಾಗಿರಲಿ, ಅವನ ಮಣ್ಣಿನ ಮೇಲೂ ನನಗೆ ಹೊಟ್ಟೆಕಿಚ್ಚು. ಸಿಡಿಲನ್ನು ನುಂಗುವುದೆಲ್ಲ ಆ ಎರೆಮಣ್ಣಿನ ಆಟ ಎಂದುಕೊಂಡು, ಅದನ್ನೇ ಒಂದು ಚೀಲ ತಂದು ನನ್ನ ಗುಂಡಿಗೆ ಸುರಿಯಲು ಹೊರಟೆ. ಕೇಳಿ ಸಣ್ಣವನಾಗಲು ಮನಸ್ಸಿರಲಿಲ್ಲ. ಅಣ್ಣ ಹೊರಗೆ ಹೋಗುವುದನ್ನೇ ಕಾದು, ಖಾಲಿ ಚೀಲ, ಸಲಿಕೆ ಹಿಡಿದು ಅವನ ಹಿತ್ತಲಿಗೆ ನುಗ್ಗಿದೆ.

ಅಲ್ಲಿ ಅವ್ವ ಗುಂಡಿಗೆ ಕೊಡದಿಂದ ನೀರು ಹಾಕುತ್ತಿದ್ದಳು.

"ಮಳಿ ಆಗೈತಲ್ಲಬೇ, ಮತ್ಯಾಕ ನೀರು?"

"ಮಳಿ ಮ್ಯಾಲ ಆಗೈತಿ, ಒಳಗ ಒಣಗೇ ಇರ್ತೈತಿ. ಗುಂಡಿ ಒಣಗಿದ್ರ ಸಿಡಿಲು ನೆಲಕ್ಕ ಇಳಿಯಂಗಿಲ್ಲಂತ. ನಿಮ್ಮಣ್ಣ ಹೇಳ್ಯಾನ. ಬ್ಯಾಸಗಿ ತುಂಬ ಹಾಕೇನಿ."

ನನ್ನ ಗುಂಡಿ ನೀರು ಕಂಡು ಎಷ್ಟು ಕಾಲವಾಗಿತ್ತೋ. ಮಣ್ಣಿನ ಮಾತು ಅಲ್ಲಿಗೇ ಮರೆತುಹೋಯಿತು, ಮೈಯೆಲ್ಲ ಉರಿಯತೊಡಗಿತು.

"ಅವಂಗಷ್ಟ ಮಾಡ್ತಿ. ನಾ ನಿನ್ನ ಮಗ ಅಲ್ಲೇನು?"

ಅವ್ವ ಕೊಡ ಕೆಳಗಿಟ್ಟಳು.

"ನಿನಗೂ ಹಾಕ್ತಿದ್ನೆಪಾ. ನಿನ್ನ ಗುಂಡಿ ಎಲ್ಲೈತಿ ಅಂತ ನನಗೇನು ಗೊತ್ತು? ಪಾಲಾದ ಮ್ಯಾಲ ಒಂದಿನಾನೂ ನೀ ನನ್ನನ್ನ ನಿನ್ನ ಮನಿಗೆ ಕರದಿಲ್ಲ."

ಖಾಲಿ ಚೀಲ ಅಲ್ಲೇ ಬಿಟ್ಟು ಅವಳನ್ನು ಬೈಕಿನ ಮೇಲೆ ಕೂಡಿಸಿಕೊಂಡು ನನ್ನ ಮನೆಗೆ ಹೊರಟೆ. ಓಣಿ ದಾಟುವ ಮೊದಲೇ ನನ್ನ ಹೆಗಲು ತಟ್ಟಿದಳು.

"ಸಂಜೀಕ ತಂದು ಬಿಡಪಾ, ಇಲ್ಲೂ ನೀರು ಹಾಕಬೇಕು."

ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.