ಡಾಂಬರ್ ಇಲ್ಲದ ದಾರಿ

ಆಗ ನನಗ ಅರವತ್ತೇಳು. ಈ ಮಾತಿಗಿ ಮೂರು ವರ್ಷ ಆತು. ಅರವತ್ತೇಳು ಅಂಬೋದು ಆಧಾರ ಕಾರ್ಡ್ ಹೇಳಿದ್ದು. ಮೊಣಕಾಲಿಗಿ ಕೇಳಿದ್ರ ಇನ್ನೂ ಹೆಚ್ಚು ಹೇಳ್ತಿದ್ದವು. ದಂಡೋತಿ ಸೇತುವೆ ದಾಟಿ ಒಂದಿಷ್ಟು ಬಂದ್ರ ನಮ್ಮ ಊರು. ಊರ ಅಗಸಿ ಬಾಗಿಲ ಮುಂದ ಒಂದು ಚಹಾದ ಹೋಟೆಲ್, ಅದರ ಎದುರಿಗಿ ಬೇವಿನ ಕಟ್ಟಿ. ಆ ಕಟ್ಟಿ ಮ್ಯಾಲ ಕುಂತು ಹೋಗೋ ಬರೋ ಮಂದಿನ್ನ ನೋಡೋದು ಆಗ ನನ್ನ ಕೆಲಸ. ಕೆಲಸ ಅಂತ ಯಾಕಂದೆ ಅಂದ್ರ, ಸುಮ್ನ ಕುಂತೀನಿ ಅಂತ ಹೇಳಲಿಕ್ಕ ನನಗ ಇವತ್ತಿಗೂ ನಾಚಿಕಿ.

ಆ ವರ್ಷ ದೀಪಾವಳಿ ಕಳದ ಮ್ಯಾಲ ಐತವಾರ ಐತವಾರ ಕಲಬುರಗಿಯಿಂದ ಸೈಕಲ್ ಮಂದಿ ಬರಲಿಕ್ಕ ಹತ್ತಿದ್ರು. ನಾಕು ಜನ, ಐದು ಜನ. ಎಲ್ಲಾ ನೌಕರಿ ಮಂದಿ, ನಡುವಯಸ್ಸಿನವರು. ತಲಿ ಮ್ಯಾಲ ಬೋಗುಣಿಯಂಥ ಟೊಪಗಿ, ಮೈಗಿ ಅಂಟಿಕೊಂಡ ಅರಿವಿ. ಸೈಕಲ್ ನೋಡಿದ್ರ ಟೈರ್ ದಪ್ಪ, ಹಿಂದ ಕ್ಯಾರಿಯರ್ ಇಲ್ಲ, ಮುಂದ ಬುಟ್ಟಿ ಇಲ್ಲ, ಗಂಟಿ ಸೈತ ಇಲ್ಲ. ಒಂದು ಸೇರು ಜ್ವಾಳ ಇಡಲಿಕ್ಕ ಬರಲಾರದ ಸೈಕಲ್ಲಿಗಿ ಅಷ್ಟು ರೊಕ್ಕ ಯಾಕ ಸುರೀತಾರ ಅಂತ ನನಗ ತಿಳೀಲಿಲ್ಲ. ಈಗೂ ತಿಳದಿಲ್ಲ.

ಅವರೊಳಗ ಸುನೀತಾ ಅಂತ ಒಬ್ಬಾಕಿ, ಕಾಲೇಜಿನಾಗ ಪಾಠ ಹೇಳ್ತಾಳಂತ. ಒಂದಿನ ಚಹಾದ ಗ್ಲಾಸ್ ಹಿಡಕೊಂಡು ನನ್ನ ಬಾಜೂಕ ಬಂದು ಕುಂತಳು.

"ಆಯಿ, ಇಲ್ಲಿಂದ ಸೇಡಂ ಕಡಿ ಹೋಗಲಿಕ್ಕ ಡಾಂಬರ್ ಇಲ್ಲದ ದಾರಿ ಅದನ್ರಿ?"

"ಡಾಂಬರ್ ಇದ್ದದ್ದು ಕೇಳಿದ್ರ ಹೇಳೋದು ತ್ರಾಸ ಆಗ್ತಿತ್ತು. ಇಲ್ಲದ್ದು ಬೇಕಾದಷ್ಟವ. ಯಾಕವ್ವ, ಪೊಲೀಸರೇನಾರ ಹಿಂದ ಬಿದ್ದಾರೇನು?"

ನಕ್ಕಳು. ಅವರಿಗಿ ಖಡಿ ರಸ್ತಾ, ಅಂದ್ರ ಬರೀ ಜಲ್ಲಿಕಲ್ಲು ಹಾಕಿದ ರಸ್ತಾನೇ ಬೇಕಂತ. ಶಹಾಬಾದದ ಕಡಿ ಕಲ್ಲಿನ ಗಣಿ ಬಾಜೂಕ ಫರ್ಸಿ ಕಲ್ಲಿನ ಚೂರಿನ ಮ್ಯಾಲ ಬರೋದು, ವಾಡಿಯೊಳಗ ರೈಲ್ ಪಟ್ಟಿ ಗುಂಟ ಹೊಂಡೋದು, ಚಿತ್ತಾಪುರ ದಾಟಿ ಕಾಗಿಣಾ ಹೊಳಿಗಿ ಇಳಿಯೋದು. ಇಲ್ಲಿಂದ ಹೊಳಿ ಗುಂಟ ಸೇಡಂ, ಸೇಡಂದಿಂದ ಚಿಂಚೋಳಿ ಅಡವಿ. ಅಡವಿ ತನಕ ಡಾಂಬರಿಗಿ ಗಾಲಿ ಹಚ್ಚಲಾರದಂಗ ಒಂದು ದಾರಿ ಫೋನಿನ ನಕ್ಷಾದಾಗ ಗೀಟು ಹಾಕಬೇಕು, ಹಿಂದಿಂದ ಬರಾವರು ಆ ಗೀಟಿನ ಮ್ಯಾಲೇ ಬರಬೇಕು. ಇದು ಅವರ ಹಂಚಿಕಿ.

ಖಡಿ ನನಗ ಹೊಸದಲ್ಲ. ಮದಿವ್ಯಾದ ಹೊಸದಾಗಿ ಶಹಾಬಾದ ವಾಡಿ ನಡುವ ಎಂಟು ವರ್ಷ ತಲಿ ಮ್ಯಾಲ ಬುಟ್ಟಿಲೆ ಖಡಿ ಹೊತ್ತೀನಿ. ಆಗ ಖಡಿ ಹಾಕಿದ್ದು ಅದರ ಮ್ಯಾಲ ಡಾಂಬರ್ ಬರ್ಲಿ ಅಂತ. ಡಾಂಬರ್ ಬಿದ್ದ ದಿನ ಮುಕಾದಮ ಎಲ್ಲರಿಗಿ ಬೆಲ್ಲ ಹಂಚಿದ್ದ. ಈಗ ನೋಡಿದ್ರ ಓದಿದ ಮಂದಿ ಡಾಂಬರ್ ಎಲ್ಲಿ ಮುಟ್ಟಿಲ್ಲ ಅಂತ ಹುಡುಕಲಿಕತ್ತಾರ. ಕೇಳಿ ನನ್ನ ಕುತ್ತಿಗಿ ಮತ್ತೊಮ್ಮೆ ನೋವಾತು.

"ಚಿಂಚೋಳಿ ಅಡವ್ಯಾಗ ಏನಿಟ್ಟೀರಿ?" ಅಂತ ಕೇಳಿದೆ.

"ಏನಿಲ್ಲ ಆಯಿ, ಗಿಡ, ಹಕ್ಕಿ. ಅಲ್ಲಿ ತನಕ ತುಳದು ದಣಿದ್ರ ಮನಸು ಹಗುರ ಆಗ್ತದ."

"ದಣಿದ್ರ ಹಗುರ ಆಗ್ತಿತ್ತಂದ್ರ ನಾ ಯಾವಾಗೋ ಹತ್ತಿ ಆಗಿ ಹಾರಿ ಹೋಗ್ತಿದ್ದೆ."

ಆಕಿ ಮಾತು ಸುಳ್ಳಲ್ಲ. ಆದ್ರ ಅವರ ದಣಿವಿಗಿ ಒಂದು ಕೊನಿ ಅದ. ಮನಿಗಿ ಹೋಗಿ ಬಿಸಿ ನೀರು ಹಾಕ್ಕೊಂಡ್ರ ಮೋರಿ ನೀರಿನ ಸಂಗಾಟ ಹರದು ಹೋಗ್ತದ. ನನ್ನದು ಹಂಗಲ್ಲ. ಎದ್ದ ಕೂಡಲೇ ನನಕಿಂತ ಮೊದಲು ಎದ್ದು ಕುಂತಿರ್ತದ. ಅಡವಿನೂ ಅವರಿಗೊಂದು, ನನಗೊಂದು. ಚಿಂಚೋಳಿಗಿ ನಾ ಒಮ್ಮೆ ಹೋಗೀನಿ, ತಂಗಿ ಬಾಣಂತನಕ್ಕ. ಬಸ್ ಅಡವ್ಯಾಗ ಕೆಟ್ಟು ನಿಂತಿತ್ತು. ಸುತ್ತ ಗಿಡ ಇದ್ದದ್ದು ಖರೇ, ನಾ ನೋಡಿದ್ದು ಮಾತ್ರ ಡ್ರೈವರನ ಮಾರಿ. ಅಲ್ಲಿ ಇದು ಕಾಯ್ದಿಟ್ಟ ಅಡವಿ ಅಂತ ಬೋರ್ಡ್ ಹಾಕ್ಯಾರ, ಕಾವಲಿಗಿ ಮಂದಿ ಇಟ್ಟಾರ. ಗಿಡಕ್ಕ ಕಾಯೋರು ಇದ್ದಾರ, ಜಿಂಕಿಗಿ ಇದ್ದಾರ. ದಾರಿಗಿ ಯಾರೂ ಇಲ್ಲ.

ದಾರಿ ಅಂದ ಕೂಡಲೇ ನನ್ನ ಸಂಕಟ ಹೇಳಬೇಕು. ನಂದು ಮೂರು ಎಕರೆ ಎರಿ ಹೊಲ ಅದ. ಅದರ ಹಿಂದ ಹಳ್ಳ, ಮುಂದ ಮೈದುನನ ಹೊಲ. ಅಣ್ತಮ್ಮರು ಪಾಲಾದಾಗ ನಮ್ಮ ಬಂಡಿ ಅವರ ಹೊಲದ ಬದು ಗುಂಟ ಹೋಗಬೇಕು ಅಂತ ಬಾಯಿ ಮಾತಾಗಿತ್ತು. ನಕ್ಷಾದಾಗ ಇಲ್ಲ. ನಮ್ಮ ಕಡಿ ಇಂಥ ದಾರಿಗಿ ಜಗಳ ಬಿದ್ರ ಪಂಚರು ಕಾಗದ ಕೇಳಂಗಿಲ್ಲ, ಹೊಲಕ್ಕ ಬಂದು ನೆಲ ನೋಡ್ತಾರ. ನೆಲ ಗಟ್ಟಿ ಇದ್ದು, ಹೆಜ್ಜಿ ಗುರ್ತು ಕಂಡ್ರ ದಾರಿ ಅಂತಾರ. ಹುಲ್ಲು ಬೆಳದಿತ್ತಂದ್ರ ಹೊಲ ಅಂದು ಚಹಾ ಕುಡದು ಹೋಗ್ತಾರ. ನನ್ನ ಗಂಡ ಹ್ವಾದ ಮ್ಯಾಲ ನನ್ನ ನೆಗೆಣ್ಣಿ ಶರಣಮ್ಮ, ಅಂದ್ರ ಆ ಮೈದುನನ ಹೆಂಡತಿ, ವರ್ಷಕ್ಕ ಒಂದು ಸಾಲು ಹೆಚ್ಚು ಬಿತ್ತಿ ಬದು ಕಡಿ ಸರಕೋತ ಬಂದಳು. ಬಂಡಿ ಹೋಗೋ ದಾರಿ ಇಬ್ಬರು ಹೆಣ್ಮಕ್ಕಳು ಹೋಗೋವಷ್ಟಾತು, ಆಮ್ಯಾಲ ಒಂದು ಆಡು ಹೋಗೋವಷ್ಟು. ಟ್ರ್ಯಾಕ್ಟರ್ ಹೋಗಂಗಿಲ್ಲ ಅಂತ ಪಾಲಿಗಿ ಮಾಡಾಂವ ಹೊಲ ಬಿಟ್ಟ. ಎರಡು ವರ್ಷ ಬೀಳು. ನನ್ನ ಮಗ ವಾಡಿಯಾಗ ಲಾರಿ ನಡಸ್ತಾನ, ಕೇಳಿದ್ರ ಮಾರಿಬಿಡು ಅಂತಾನ. ದಾರಿ ಇಲ್ಲದ ಹೊಲ ಯಾರು ಕೊಳ್ತಾರ? ಶರಣಮ್ಮ ಒಬ್ಬಾಕಿನೇ, ಅದೂ ಆಕಿ ಹೇಳಿದ ರೇಟಿಗಿ. ಆ ಸಲ ತೊಗರಿ ಕೊಯ್ದ ಮ್ಯಾಲ ದಾರಿ ಪೂರಾ ಹರಗಿಬಿಡ್ತೀನಿ ಅಂತ ಆಕಿ ಹೋಟೆಲಿನಾಗ ನಿಂತು ಹೇಳಿದ್ದಳು. ನಾ ಎದುರು ಕಟ್ಟಿ ಮ್ಯಾಲೇ ಇದ್ದೆ. ಆರು ವರ್ಷದಿಂದ ನಮ್ಮಿಬ್ಬರ ಮಾತುಕತಿ ಹಿಂಗೇ, ಬ್ಯಾರೆಯವರಿಗಿ ಹೇಳಿ ನಮಗ ಮುಟ್ಟಸೋದು.

ದಿನಾ ನಡದಿದ್ರ ದಾರಿ ಉಳೀತಿತ್ತು. ನಡೀಲಿಲ್ಲ. ಮೊಣಕಾಲು ಅಂದೆ, ಬಿಸಿಲು ಅಂದೆ, ಥಂಡಿ ಅಂದೆ. ಖರೇ ಮಾತಂದ್ರ ಬ್ಯಾಸರ ಆಗಿತ್ತು. ಬೀಳು ಹೊಲ ನೋಡಲಿಕ್ಕ ಯಾಕ ಅಷ್ಟು ದೂರ ಹೋಗಬೇಕು ಅಂತ ಕುಂತೆ. ಅಂಥಾದರಾಗ ಸುನೀತಾ ಬಂದು, ಡಾಂಬರ್ ಇಲ್ಲದ ದಾರಿ ಅದನ ಅಂತ ಕೇಳಿದಳು.

"ಅದ ನಮ್ಮವ್ವ. ತೊಗರಿ ಬದು ಗುಂಟ ಹೋಗ್ರಿ, ಬೀಳು ಹೊಲ ಬರ್ತದ, ಆಮ್ಯಾಲ ಹಳ್ಳ. ಹಳ್ಳದಾಗ ಸೈಕಲ್ ಹೊತ್ತು ದಾಟಬೇಕು ನೋಡ್ರಿ" ಅಂದೆ.

"ಹೊತ್ತು ದಾಟಬೇಕಾ!" ಅಂತ ಐದೂ ಮಂದಿ ಮಾರಿ ಅರಳಿಸಿದ್ರು. ಹೊರೋದು ಅಂದ್ರ ಖುಷಿ ಪಡೋ ಮಂದಿನ್ನ ನಾ ಅವತ್ತೇ ನೋಡಿದ್ದು.

ಆ ಐತವಾರ ಐದು ಸೈಕಲ್, ಮುಂದಿನ ಐತವಾರ ಒಂಬತ್ತು, ಅದರ ಮುಂದ ಎಣಸೋದು ಬಿಟ್ಟೆ. ಸೆಗಣಿಗಂತ ಹ್ವಾದ ಹೆಣ್ಮಕ್ಕಳು ಬಂದು ಹೇಳ್ತಿದ್ರು, ಎರಿಮಣ್ಣಿನ ಮ್ಯಾಲ ಹಾವು ಹರದಂಗ ಗಾಲಿ ಗುರ್ತು ಬಿದ್ದಾವ, ಹುಲ್ಲು ಸತ್ತದ ಅಂತ. ನಾ ಕಟ್ಟಿ ಮ್ಯಾಲ ಕಾಲು ಚಾಚಿ ಕುಂತು ಅವರ ಕಾಲಿಲೆ ನನ್ನ ದಾರಿ ನಡದೆ. ಜನ್ಮದಾಗ ಒಮ್ಮೆ ಬ್ಯಾರೆಯವರು ದಣದು ನನ್ನ ಕೆಲಸ ಆಗಲಿಕತ್ತಿತ್ತು. ಭಾಳ ಸುಖ ಅನಿಸ್ತು, ಅದನ್ಯಾಕ ಮುಚ್ಚಿಡಲಿ.

ಐದನೇ ಐತವಾರ ಸೈಕಲ್ ಮಂದಿ ಹಿಂದಕ ನಡಕೋತ ಬಂದ್ರು. ಬದುವಿನ ಮ್ಯಾಲ ಜಾಲಿ ಮುಳ್ಳು ಹಾಸಿತ್ತಂತ. ಮೂರು ಟೈರ್ ಹ್ವಾದವು. ಅವರ ಹಿಂದ ಶರಣಮ್ಮ, ಕೈಯಾಗ ನೀರಿನ ಕೊಡ, ಸೆರಗಿನಾಗ ರೊಟ್ಟಿ ಪಲ್ಯದ ಗಂಟು. ಮುಳ್ಳು ಹಾಕಿದಾಕಿನೂ ಆಕಿನೇ, ಹೊಲಕ್ಕ ಬಂದ ಮಂದಿ ಉಪವಾಸ ಹೋಗಬಾರದು ಅಂತ ರೊಟ್ಟಿ ತಂದಾಕಿನೂ ಆಕಿನೇ. ಎಲ್ಲರನ್ನ ಕಟ್ಟಿ ಮ್ಯಾಲ ಕುಂದ್ರಿಸಿ ತೊಗರಿ ಪಲ್ಯ ಬಡಿಸಿದಳು. ನನ್ನ ಕೈಯಾಗೂ ಒಂದು ರೊಟ್ಟಿ ಇಟ್ಟಳು. ಇಟ್ಟು, ಆರು ವರ್ಷದ ಮ್ಯಾಲ ನೇರ ನನಗೇ ಮಾತಾಡಿದಳು.

"ಯಕ್ಕ, ನಿನ್ನ ಕಾಲು ಹ್ವಾದವು ಅಂತ ಕಲಬುರಗಿಯಿಂದ ಬಾಡಿಗಿ ಕಾಲು ತರಸೀಯೇನು?"

ಹೋಟೆಲಿನಾಗಿನ ಮಂದಿ ನಕ್ರು. ಸುನೀತಾಗ ತಿಳೀಲಿಲ್ಲ. ಶರಣಮ್ಮ ತಿಳಿಸಿ ಹೇಳಿದಳು, ಪಾಲು, ಬದು, ಪಂಚರು, ಎಲ್ಲಾ. ಒಂದು ಸುಳ್ಳೂ ಸೇರಸಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಸುನೀತಾ ಮಾರಿ ಸಣ್ಣದು ಮಾಡ್ಕೊಂಡಳು. "ನಮ್ಮಿಂದ ನಿಮ್ಮ ಮನಿಯಾಗ ಜಗಳ ಬ್ಯಾಡ ಆಯಿ. ನಾವು ಹೊಳಿ ದಂಡಿಗುಂಟ ಹೋಗ್ತೀವಿ" ಅಂದು ಫೋನ್ ತೆಗದಳು. ಹೆಬ್ಬಟ್ಟು ಒಂದು ಸಲ ಒತ್ತಿದಳು, ಗೀಟು ಹೋತು.

"ತಡಿಯವ್ವ" ಅಂದೆ.

"ಏನ್ರಿ ಆಯಿ?"

ಏನಂತ ಹೇಳ್ಲಿ? ನನ್ನ ಪರವಾಗಿ ನೀವೇ ದಣೀರಿ ಅಂತನಾ? ಆಕಿ ಮೊಣಕಾಲಿನ ಮ್ಯಾಲ ಮುಳ್ಳು ಗೀರಿದ ರಕ್ತ ಒಣಗಿತ್ತು. "ರೊಟ್ಟಿ ತಿಂದು ಹೋಗು" ಅಂದೆ.

ಅವರು ಹ್ವಾದ ಮ್ಯಾಲ ಶರಣಮ್ಮ ಖಾಲಿ ಕೊಡ ಸೊಂಟಕ್ಕ ಇಟ್ಕೊಂಡು ನಿಂತಳು. "ನೀ ನಡದು ಬಂದ್ರ ನಾ ಯಾಕ ಮುಳ್ಳು ಹಾಕ್ಲಿ? ನಡಿಯೋರಿಗಿ ದಾರಿ ಇಲ್ಲ ಅನ್ನಲಿಕ್ಕ ನಾ ಏನು ಅಷ್ಟು ಕೆಟ್ಟಾಕಿನಾ? ಆದ್ರ ನೀ ಬರಂಗಿಲ್ಲ. ನನಗ ಗೊತ್ತದ."

ಆಕಿಗಿ ಗೊತ್ತಿದ್ದದ್ದು ಖರೇ ಇತ್ತು. ನನಗ ಸಿಟ್ಟು ಬಂದದ್ದು ಅದಕ್ಕೇ.

ಮರುದಿನ ಮುಂಜಾನೆ ಸೊಸಿ ಇನ್ನೂ ಒಲಿ ಹೊತ್ತಿಸಿರಲಿಲ್ಲ. ಮೊಣಕಾಲಿಗಿ ಎಣ್ಣಿ ತಿಕ್ಕೊಂಡು ಊರೋ ಕೋಲು ಹಿಡಕೊಂಡು ಹೊಂಟೆ. ದಾರ್ಯಾಗ ನಾಕು ಕಡಿ ಕುಂತೆ. ಬದುವಿನ ಮ್ಯಾಲ ಮುಳ್ಳು ಇರಲಿಲ್ಲ. ಶರಣಮ್ಮ ತೊಗರ್ಯಾಗ ನಿಂತು ನೋಡಿದಳು. ನನ್ನ ಹೊಲ ಮುಟ್ಟಿದೆ, ಹಿಂದಕ ಅಗಸಿ ತನಕ ಬಂದೆ. ಒಬ್ಬ ಮುದುಕಿ ಒಮ್ಮೆ ಹಾದು ಹ್ವಾದ್ರ ಎರಿಮಣ್ಣಿಗಿ ಗುರ್ತು ಹತ್ತಂಗಿಲ್ಲ. ಕಟ್ಟಿ ಕಡಿ ನೋಡಲಿಲ್ಲ. ತಿರುಗಿ ಮತ್ತೊಮ್ಮೆ ಹ್ವಾದೆ.